ವಿಕಿರಣ ಬಿದ್ದ ಜಮೀನು: ಕುರಿ, ದನಗಳ ಸಾಗಣೆ ನಿರ್ಬಂಧ ತೆಗೆಸಿಕೊಳ್ಳುವುದು ಹೇಗೆ?

1986ರ ಜೂನ್ 20ರಂದು ಬ್ರಿಟನ್ ಸರ್ಕಾರ ಒಂದು ಆದೇಶ ಹೊರಡಿಸಿತು. ಇಂಗ್ಲೆಂಡಿನ ಕಂಬ್ರಿಯಾ ಮತ್ತು ಉತ್ತರ ವೇಲ್ಸ್‌ನ ಗುಡ್ಡಗಳಲ್ಲಿ ಮೇಯುವ ಕುರಿಗಳನ್ನು ಸಾಗಿಸಬಾರದು, ಕಡಿಯಬಾರದು ಎಂದು. ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರ ಸಿಡಿದು ಎರಡು ತಿಂಗಳೂ ಆಗಿರಲಿಲ್ಲ. ಮೂರು ವಾರ ತಾಳಿಕೊಳ್ಳಿ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ರೈತರಿಗೆ ಹೇಳಿದರು. ಕೊನೆಯ ಜಮೀನುಗಳ ಮೇಲಿನ ನಿರ್ಬಂಧ ತೆಗೆದದ್ದು 2012ರ ಜೂನ್ 1ರಂದು. ಮೂರು ವಾರ ಎಂದದ್ದು ಇಪ್ಪತ್ತಾರು ವರ್ಷ ಆಯಿತು.

ಹಾಗಂತ ಎಲ್ಲರೂ ಇಪ್ಪತ್ತಾರು ವರ್ಷ ಕಾಯಲಿಲ್ಲ. ಶುರುವಿನಲ್ಲಿ ಸುಮಾರು 9,700 ಜಮೀನುಗಳು, ಹತ್ತಿರಹತ್ತಿರ 42 ಲಕ್ಷ ಕುರಿಗಳು ನಿರ್ಬಂಧದೊಳಗೆ ಇದ್ದವು. ಕೊನೆಯವರೆಗೂ ಉಳಿದದ್ದು ಮುನ್ನೂರು ಚಿಲ್ಲರೆ ಜಮೀನು ಮಾತ್ರ. ನಿರ್ಬಂಧ ಒಂದೇ ದಿನ ಎಲ್ಲರಿಗೂ ಹೋಗುವಂಥದ್ದಲ್ಲ. ಒಂದು ಪ್ರಾಣಿಗೆ ಸಡಿಲವಾಗುತ್ತದೆ, ಆಮೇಲೆ ಒಂದು ಹಿಂಡಿಗೆ, ಆಮೇಲೆ ಒಂದು ಜಮೀನಿಗೆ. ಯಾರ ಕೈಯಲ್ಲಿ ಅಳತೆಯ ಲೆಕ್ಕ ಇರುತ್ತದೋ ಅವರ ದಾರಿ ಸಲೀಸು. ಆ ಲೆಕ್ಕ ಹೇಗೆ ಕೂಡಿಹಾಕಬೇಕು, ನಡುವೆ ಹಿಂಡನ್ನು ಹೇಗೆ ಸಾಕಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಪ್ರಾಣಿ ಸಾಕುವವರಿಗೆ ಮುಖ್ಯವಾಗಿ. ಅವರ ಜೊತೆ ಕೆಲಸ ಮಾಡುವ ಪಶುವೈದ್ಯರಿಗೂ, ಅಧಿಕಾರಿಗಳಿಗೂ ಬೇಕಾದೀತು.

ಮೊದಲು ಆದೇಶದ ಕಾಗದ ಓದಿ

ಪೂರ್ತಿ ಓದಿ. ಪಕ್ಕದವರು ಹೇಳಿದ್ದನ್ನು ಕೇಳಿ ಸುಮ್ನೆ ಕೂರಬೇಡಿ. ನಿರ್ಬಂಧ ಯಾವ ಗಡಿಯೊಳಗೆ? ನಿಮ್ಮ ಜಮೀನು ಪೂರ್ತಿ ಅದರೊಳಗೆ ಬರುತ್ತದೋ, ಮೇಲಿನ ಗುಡ್ಡ ಮಾತ್ರ ಬರುತ್ತದೋ? ಯಾವ ಪ್ರಾಣಿ? ಸಾಗಿಸುವುದಕ್ಕೆ ತಡೆಯೋ, ಕಡಿಯುವುದಕ್ಕೆ ತಡೆಯೋ, ಎರಡಕ್ಕೂನೋ? ಅನುಮತಿ ಪಡೆದು ಸಾಗಿಸಲು ಅವಕಾಶ ಇದೆಯೋ? ಈ ಕೊನೆಯದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಮುಂದಿನ ಅರ್ಧ ಕೆಲಸ ಅದರ ಮೇಲೇ ನಿಂತಿರುತ್ತದೆ.

ಆಮೇಲೆ ಮಿತಿಯ ಸಂಖ್ಯೆ. ಇದನ್ನು ಬೆಕೆರೆಲ್‌ನಲ್ಲಿ ಹೇಳುತ್ತಾರೆ. ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ಬ್ರಿಟನ್ನಿನಲ್ಲಿ ಕುರಿ ಮಾಂಸಕ್ಕೆ ಮಿತಿ ಕಿಲೋಗೆ 1,000 ಬೆಕೆರೆಲ್ ಸೀಸಿಯಂ (ವರ್ಷಗಟ್ಟಲೆ ಉಳಿಯುವ ವಿಕಿರಣ ವಸ್ತು) ಇತ್ತು. ನಾರ್ವೆಯಲ್ಲಿ ಕುರಿಗೆ 600. ಆದರೆ ಅದೇ ನಾರ್ವೆ ಹಿಮಸಾರಂಗದ ಮಾಂಸಕ್ಕೆ 1986ರ ಕೊನೆಯಲ್ಲಿ ಮಿತಿಯನ್ನು 6,000ಕ್ಕೆ ಏರಿಸಿತು, 1994ರಲ್ಲಿ 3,000ಕ್ಕೆ ಇಳಿಸಿತು. ಅದನ್ನೇ ನಂಬಿ ಬದುಕುವ ಸಾಮಿ ಜನರ ಕಸುಬು ಉಳಿಯಬೇಕಲ್ಲ, ಉಳಿದ ಜನ ಆ ಮಾಂಸ ತಿನ್ನುವುದೂ ಕಡಿಮೆ. ಜಪಾನ್ ಫುಕುಶಿಮಾ ದುರಂತದ ನಂತರ ಮೊದಲು 500 ಎಂದಿತು, 2012ರ ಏಪ್ರಿಲ್‌ನಿಂದ 100 ಎಂದಿತು. ಹಾಗಾಗಿ ಎಲ್ಲೋ ಓದಿದ ಸಂಖ್ಯೆಯನ್ನು ನಿಮ್ಮ ಜಮೀನಿಗೆ ಹಚ್ಚಬೇಡಿ. ನಿಮ್ಮ ಕಾಗದದಲ್ಲಿ ಏನಿದೆಯೋ ಅದು. ಹೊರದೇಶಕ್ಕೆ ಮಾರುವವರಾದರೆ ಕೊಳ್ಳುವ ದೇಶದ ಮಿತಿಯನ್ನೂ ಬರೆದಿಟ್ಟುಕೊಳ್ಳಿ. ಮೇವಿಗೆ ಬೇರೆಯೇ ಮಿತಿ ಇರಬಹುದು, ಅದನ್ನೂ ಕೇಳಿ.

ಏನು ಬಿದ್ದಿದೆ, ಎಲ್ಲಿ ಕೂತಿದೆ

ಶುರುವಿನ ವಾರಗಳಲ್ಲಿ ದೊಡ್ಡ ತಲೆನೋವು ಅಯೋಡಿನ್ 131. ಅದು ಹಾಲಿಗೆ ಬರುತ್ತದೆ. ಅದರ ಅರ್ಧಾಯು 8 ದಿನ, ಅಂದರೆ ಎಂಟು ದಿನಕ್ಕೊಮ್ಮೆ ಅರ್ಧ ಅರ್ಧ ಆಗುತ್ತದೆ. ಎರಡು ಮೂರು ತಿಂಗಳಲ್ಲಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ವರ್ಷಗಟ್ಟಲೆ ಕಾಡುವುದು ಸೀಸಿಯಂ. ಅದರಲ್ಲಿ ಎರಡು ಬಗೆ: ಸೀಸಿಯಂ 134ರ ಅರ್ಧಾಯು ಎರಡು ವರ್ಷ, ಸೀಸಿಯಂ 137ರದ್ದು ಮೂವತ್ತು ವರ್ಷ. ಪರೀಕ್ಷೆಯ ವರದಿ ಬಂದಾಗ ಎರಡನ್ನೂ ಬೇರೆ ಬೇರೆ ಬರೆದುಕೊಡಿ ಎಂದು ಕೇಳಿ. 134 ಜಾಸ್ತಿ ಇದ್ದರೆ ಮೊದಲ ಕೆಲವು ವರ್ಷ ಸಂಖ್ಯೆ ಚೆನ್ನಾಗಿ ಇಳಿಯುತ್ತದೆ. ಬರೀ 137 ಉಳಿದಿದ್ದರೆ ಕಾಲವನ್ನು ನಂಬಿ ಕೂರುವುದು ವ್ಯರ್ಥ.

ಈ ಎರಡರ ಪ್ರಮಾಣ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಚೆರ್ನೋಬಿಲ್‌ನಿಂದ ಬಂದದ್ದರಲ್ಲಿ 137 ಎರಡು ಪಾಲು ಇದ್ದರೆ 134 ಒಂದು ಪಾಲು ಇತ್ತು. ಕಂಬ್ರಿಯಾದ ಕೆಲವು ಕಡೆ 137 ಅದಕ್ಕಿಂತ ಜಾಸ್ತಿ ಸಿಕ್ಕಿತು. ಹಳೆಯ ಅಣುಬಾಂಬ್ ಪರೀಕ್ಷೆಗಳ ಧೂಳೂ ಅಲ್ಲಿ ಕೂತಿತ್ತು. ಪಕ್ಕದಲ್ಲೇ ಸೆಲ್ಲಾಫೀಲ್ಡ್ ಅಣುಸ್ಥಾವರ, ಅಂದರೆ 1957ರ ಅಕ್ಟೋಬರ್‌ನಲ್ಲಿ ಬೆಂಕಿ ಬಿದ್ದ ವಿಂಡ್‌ಸ್ಕೇಲ್ ಸ್ಥಾವರ ಇತ್ತು. ಇದೆಲ್ಲ ಚೆರ್ನೋಬಿಲ್‌ನದೇನಾ ಎಂದು ಅಲ್ಲಿನ ರೈತರು ಮೊದಲಿಂದ ಕೇಳುತ್ತಿದ್ದರು. ಆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ ಅಲ್ವಾ?

ಮುಂದಿನದು ಮಳೆ ಮತ್ತು ಮಣ್ಣು. ವಿಕಿರಣದ ಮೋಡ ಎಲ್ಲ ಕಡೆಯೂ ತೇಲಿಹೋಗುತ್ತದೆ, ಆದರೆ ಜಾಸ್ತಿ ಬೀಳುವುದು ಮಳೆ ಸುರಿದಲ್ಲಿ. 1986ರ ಮೇ ಮೊದಲ ವಾರ ಬ್ರಿಟನ್ನಿನ ಗುಡ್ಡಗಳ ಮೇಲೆ ಜೋರು ಮಳೆ ಬಂತು. ಮಳೆ ಬಾರದ ಜಾಗಗಳಲ್ಲಿ ಬಿದ್ದದ್ದು ಅಲ್ಪಸ್ವಲ್ಪ. ಆ ದಿನಗಳಲ್ಲಿ ನಿಮ್ಮ ಜಮೀನಿನ ಯಾವ ಭಾಗದಲ್ಲಿ ಎಷ್ಟು ಮಳೆ ಬಂತು ಎಂದು ನೆನಪಿದ್ದರೆ ಈಗಲೇ ಬರೆದಿಡಿ.

ಮಣ್ಣಿನ ವಿಷಯ ಇನ್ನೂ ಮುಖ್ಯ. ಮೂರು ವಾರದ ಭರವಸೆ ಸುಳ್ಳಾದದ್ದೇ ಇಲ್ಲಿ. ಜೇಡಿಮಣ್ಣಿನಲ್ಲಿ ಸೀಸಿಯಂ ಖನಿಜದ ಪದರಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಹುಲ್ಲಿನ ಬೇರಿಗೆ ಸಿಗುವುದಿಲ್ಲ. ತಗ್ಗಿನ ಹೊಲಗಳ ಆ ಅನುಭವ ನೋಡಿ ತಜ್ಞರು ಲೆಕ್ಕ ಹಾಕಿದ್ದರು. ಗುಡ್ಡದ ಮೇಲಿದ್ದದ್ದು ಬೇರೆ ಮಣ್ಣು. ಕೊಳೆತ ಗಿಡ, ಪಾಚಿ ಕೂಡಿಕೊಂಡ ಕಪ್ಪು ಮಣ್ಣು, ಹುಳಿ ಗುಣ, ಜೇಡಿ ಕಡಿಮೆ, ಪೊಟ್ಯಾಷ್ ಕಡಿಮೆ. ಅಲ್ಲಿ ಸೀಸಿಯಂ ಕಟ್ಟಿಹಾಕುವವರೇ ಇಲ್ಲ. ಸೀಸಿಯಂ ರಾಸಾಯನಿಕವಾಗಿ ಪೊಟ್ಯಾಷಿಯಂನ ದಾಯಾದಿ ಇದ್ದ ಹಾಗೆ. ಪೊಟ್ಯಾಷ್ ಸಿಗದ ಗಿಡ ಅದನ್ನೇ ಹೀರುತ್ತದೆ. ಕುರಿ ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ, ಅದು ಮತ್ತೆ ಮಣ್ಣಿಗೆ, ಮತ್ತೆ ಹುಲ್ಲಿಗೆ. ಈ ಚಕ್ರ ವರ್ಷಗಟ್ಟಲೆ ನಡೆಯುತ್ತದೆ.

ಆದ್ದರಿಂದ ಒಂದು ನಕ್ಷೆ ಮಾಡಿ. ಚೆಂದ ಇರಬೇಕೆಂದೇನಿಲ್ಲ. ಯಾವ ತುಂಡು ಜೇಡಿ, ಯಾವುದು ಕಪ್ಪು ಜೌಗು, ಎಲ್ಲಿ ಗೊಬ್ಬರ ಹಾಕಿ ಹುಲ್ಲು ಬೆಳೆಸಿದ್ದೀರಿ, ಎಲ್ಲಿ ನೀರು ಬಂದು ನಿಲ್ಲುತ್ತದೆ, ಎಲ್ಲಿ ಕಾಡಿನ ಅಂಚು ಇದೆ. ಪ್ರತಿ ತುಂಡಿಗೂ ಒಂದು ಹೆಸರು ಅಥವಾ ನಂಬರ್ ಕೊಡಿ. ಮುಂದೆ ಪ್ರತಿ ಅಳತೆಯ ಪಕ್ಕದಲ್ಲಿ ಈ ನಂಬರ್ ಬರಬೇಕು.

ಅಳೆಯಬೇಕಾದದ್ದು ಪ್ರಾಣಿಯನ್ನು

ನೆಲದ ಮೇಲೆ ಉಪಕರಣ ಹಿಡಿದು ಓಡಾಡಿ "ಇಲ್ಲಿ ಕಡಿಮೆ ಇದೆ, ನಮ್ಮದು ಸುರಕ್ಷಿತ" ಎಂದು ವಾದಿಸುವವರನ್ನು ಯಾರೂ ಕೇಳುವುದಿಲ್ಲ. ಆದೇಶದ ಮಿತಿ ಮಾಂಸಕ್ಕೆ. ಜೇಡಿಮಣ್ಣಿನಲ್ಲಿ ಸೀಸಿಯಂ ರಾಶಿ ಇದ್ದರೂ ಕುರಿಯಲ್ಲಿ ಕಡಿಮೆ ಇರಬಹುದು. ಜೌಗಿನಲ್ಲಿ ನೆಲದ ಅಳತೆ ಸಣ್ಣದಿದ್ದರೂ ಕುರಿ ಮಿತಿ ದಾಟಿರಬಹುದು.

ಒಳ್ಳೆಯ ವಿಷಯ ಏನೆಂದರೆ, ಅಳೆಯಲು ಪ್ರಾಣಿಯನ್ನು ಕೊಲ್ಲಬೇಕಿಲ್ಲ. ಸೀಸಿಯಂ ಹೊರಡಿಸುವ ಗಾಮಾ ಕಿರಣ ಮೈಯಿಂದ ಹೊರಗೆ ಬರುತ್ತದೆ. ಕೆಲಸ ಹೀಗೆ ನಡೆಯುತ್ತದೆ: ಕುರಿಗಳನ್ನು ಇಕ್ಕಟ್ಟಾದ ಗಲ್ಲಿಯಂಥ ಬೇಲಿಯೊಳಗೆ ಒಂದೊಂದಾಗಿ ಬಿಡುತ್ತಾರೆ. ಒಬ್ಬರು ಕುತ್ತಿಗೆಗೆ ಕೈಹಾಕಿ ಅಲುಗಾಡದಂತೆ ಹಿಡಿಯುತ್ತಾರೆ. ಇನ್ನೊಬ್ಬರು ಕೈಯಲ್ಲಿ ಹಿಡಿಯುವ ಉಪಕರಣವನ್ನು ಕುರಿಯ ಹಿಂಭಾಗದ ದಪ್ಪ ಮಾಂಸಕ್ಕೆ ಒತ್ತಿ ಕೆಲವು ಸೆಕೆಂಡು ಹಿಡಿದಿರುತ್ತಾರೆ. ಉಪಕರಣದೊಳಗೆ ಸೋಡಿಯಂ ಅಯೋಡೈಡ್ ಹರಳು ಇರುತ್ತದೆ. ಗಾಮಾ ಕಿರಣ ತಾಗಿದಾಗಲೆಲ್ಲ ಅದು ಮಿಣುಕುತ್ತದೆ, ಯಂತ್ರ ಮಿಣುಕುಗಳನ್ನು ಎಣಿಸುತ್ತದೆ. ಕುರಿ ಒದ್ದಾಡಿದರೆ ಆ ಎಣಿಕೆ ಬಿಟ್ಟು ಮತ್ತೆ ಹಿಡಿಯುತ್ತಾರೆ. ಹಿಂಭಾಗವೇ ಯಾಕೆ ಎಂದರೆ ಅಲ್ಲಿ ಮಾಂಸ ಜಾಸ್ತಿ, ಹೊಟ್ಟೆಯೊಳಗಿನ ಮೇವು ದೂರ. ಹೊಟ್ಟೆಯಲ್ಲಿ ಈಗಷ್ಟೇ ತಿಂದ ಹುಲ್ಲಿನ ಸೀಸಿಯಂ ಎಣಿಕೆಗೆ ಸೇರಿಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇಲ್ಲಿ ನೀವು ಕಣ್ಣಿಡಬೇಕಾದ ಕೆಲವು ವಿಷಯಗಳಿವೆ. ಅಳತೆ ನಡೆಯುವ ಜಾಗದಲ್ಲೇ ನೆಲದಿಂದ ಬರುವ ಹಿನ್ನೆಲೆ ವಿಕಿರಣವನ್ನು ಮೊದಲು ಅಳೆದು ಕಳೆಯಬೇಕು. ಸೀಸಿಯಂ ಬಿದ್ದ ಗುಡ್ಡದ ಮೇಲೇ ದೊಡ್ಡಿ ಹಾಕಿ ಅಳೆದರೆ ಹಿನ್ನೆಲೆಯೇ ಜಾಸ್ತಿಯಾಗಿ ಕುರಿಯದ್ದು ಯಾವುದು, ನೆಲದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಸಾಧ್ಯವಾದರೆ ಕೆಳಗೆ, ಸಿಮೆಂಟು ಹಾಕಿದ ಅಂಗಳಕ್ಕೆ ಹಿಂಡನ್ನು ತನ್ನಿ. ಉಣ್ಣೆ ಕೆಸರಾಗಿದ್ದರೆ ಆ ಕೆಸರೂ ಎಣಿಕೆಗೆ ಬರುತ್ತದೆ, ಒಣಗಿಸಿ ತಂದರೆ ನಿಮಗೇ ಲಾಭ.

ಜೀವಂತ ಕುರಿಯ ಅಳತೆ ಪ್ರಯೋಗಾಲಯದಷ್ಟು ಕರಾರುವಾಕ್ಕಲ್ಲ. ಯಂತ್ರ 900 ಎಂದರೆ ನಿಜಕ್ಕೂ 1,050 ಇರಬಹುದು. ಅದಕ್ಕೇ ಬ್ರಿಟನ್ನಿನಲ್ಲಿ ಮಾಂಸದ ಮಿತಿ 1,000 ಇದ್ದರೂ ಜೀವಂತ ಅಳತೆಯಲ್ಲಿ 645 ದಾಟಿದ ಕುರಿಯನ್ನು ಬಿಡುತ್ತಿರಲಿಲ್ಲ. "ನನ್ನ ಕುರಿ 700 ಇದೆ, ಸಾವಿರಕ್ಕಿಂತ ಕಡಿಮೆ ಅಲ್ವಾ, ಯಾಕೆ ತಡೆದಿರಿ?" ಎಂಬ ಜಗಳ ಬೇಡ ಎಂದಾದರೆ ಕೆಲಸದ ಮಿತಿ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ.

ಮೈಮೇಲಿನ ಧೂಳನ್ನು ಅಳೆಯುವುದು ಬೇರೆ, ಮಾಂಸದೊಳಗಿನದನ್ನು ಅಳೆಯುವುದು ಬೇರೆ. ಫುಕುಶಿಮಾದಲ್ಲಿ ಈ ವ್ಯತ್ಯಾಸದಿಂದ ದೊಡ್ಡ ಎಡವಟ್ಟಾಯಿತು. 2011ರ ಜುಲೈನಲ್ಲಿ ಮಿನಾಮಿಸೋಮಾದ ಒಂದು ಜಮೀನಿನಿಂದ ಟೋಕಿಯೋದ ಕಸಾಯಿಖಾನೆಗೆ ಹೋದ 11 ದನಗಳ ಮಾಂಸ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು. ಹೊರಡುವ ಮೊದಲು ಅವುಗಳ ಚರ್ಮದ ಮೇಲೆ ಉಪಕರಣ ಆಡಿಸಿದ್ದರು, ಅಲ್ಲಿ ಏನೂ ಸಿಕ್ಕಿರಲಿಲ್ಲ. ಸೀಸಿಯಂ ಬಂದದ್ದು ಭತ್ತದ ಹುಲ್ಲಿನಿಂದ. ಹಿಂದಿನ ಕೊಯ್ಲಿನ ಹುಲ್ಲು ಬಯಲಲ್ಲೇ ಬಿದ್ದಿತ್ತು, ಮಾರ್ಚ್‌ನಲ್ಲಿ ಅದರ ಮೇಲೆ ವಿಕಿರಣದ ಧೂಳು ಕೂತಿತು, ಆಮೇಲೆ ದನಕ್ಕೆ ಹಾಕಿದರು. ಅಂಥ ಹುಲ್ಲು ಬೇರೆ ಪ್ರಾಂತ್ಯಗಳಿಗೂ ಮಾರಾಟವಾಗಿತ್ತು. ಹಾಗಾಗಿ ಕಲುಷಿತ ನೆಲದಿಂದ ದೂರ ಇದ್ದ ಜಮೀನುಗಳ ದನಗಳೂ ಸಿಕ್ಕಿಬಿದ್ದವು.

ಅಳತೆ ಆದ ಮೇಲೆ ಬರೆದಿಡಿ. ಕಿವಿಯೋಲೆಯ ನಂಬರ್, ತಾರೀಖು, ಅಳತೆ, ಹಿನ್ನೆಲೆಯ ಅಳತೆ, ಯಂತ್ರದ ನಂಬರ್. ಕೊನೆಗೆ ಒಂದು ಕಾಲಂ: ಈ ಪ್ರಾಣಿ ಕಳೆದ ನಾಲ್ಕು ವಾರ ಎಲ್ಲಿ ಮೇದಿದೆ, ಏನು ತಿಂದಿದೆ. ನನ್ನ ಕೇಳಿದರೆ ಉಳಿದೆಲ್ಲದಕ್ಕಿಂತ ಈ ಕಾಲಂ ದೊಡ್ಡದು. ಅಧಿಕಾರಿಗಳು ತಂದ ಸಂಖ್ಯೆ ಅವರ ಬಳಿ ಇರುತ್ತದೆ. ಆ ಸಂಖ್ಯೆ ಯಾಕೆ ಬಂತು ಎಂದು ಗೊತ್ತಿರುವುದು ನಿಮಗೆ ಮಾತ್ರ.

ಕಾಯುವಾಗ ಹಿಂಡನ್ನು ಹೇಗೆ ಸಾಕುವುದು

ನಿರ್ಬಂಧದ ನಿಜವಾದ ಏಟು ಬೀಳುವುದು ಇಲ್ಲಿ. ಗುಡ್ಡದ ಕುರಿ ಸಾಕಣೆಯ ಲೆಕ್ಕಾಚಾರವೇ ಚಳಿಗಾಲಕ್ಕೆ ಮೊದಲು ಮರಿಗಳನ್ನು ಮಾರಿಬಿಡುವುದು. ಮಾರದಿದ್ದರೆ ಹುಲ್ಲು ಮುಗಿಯುತ್ತದೆ, ತಾಯಿಕುರಿಗಳೂ ಬಡಕಲಾಗುತ್ತವೆ. ಕಂಬ್ರಿಯಾದಲ್ಲಿ ಅಧಿಕಾರಿಗಳು ಕಾಳು ತೆಗೆದ ಪೈರಿನ ಒಣಹುಲ್ಲು ತಿನ್ನಿಸಿ ಎಂಬಂಥ ಸಲಹೆ ಕೊಟ್ಟರಂತೆ. ಗುಡ್ಡದ ಕುರಿಗೆ ಒಣಹುಲ್ಲು ಹಾಕಲು ಹೇಳುವವರಿಗೆ ಕುರಿಯ ಬಗ್ಗೆ ಏನು ಗೊತ್ತು ಎಂದು ರೈತರು ನಕ್ಕದ್ದನ್ನು ಸಮಾಜವಿಜ್ಞಾನಿ ಬ್ರಯನ್ ವಿನ್ ದಾಖಲಿಸಿದ್ದಾರೆ.

ಬ್ರಿಟನ್ ಕಂಡುಕೊಂಡ ದಾರಿ ಗುರುತು ಹಾಕಿ ಬಿಡುವ ಪದ್ಧತಿ. ಮಾರಲು ಹೊರಟ ಕುರಿಗಳನ್ನು ಮೊದಲು ಅಳೆಯುತ್ತಾರೆ. ಮಿತಿಯೊಳಗಿದ್ದರೆ ಎಲ್ಲಿಗಾದರೂ ಹೋಗಬಹುದು. ದಾಟಿದ್ದರೆ ಮೈಮೇಲೆ ಬಣ್ಣ ಬಳಿಯುತ್ತಾರೆ. ಬಣ್ಣ ಬಿದ್ದ ಕುರಿಯನ್ನು ಬೇರೆ ಕಡೆಗೆ ಮೇಯಲು ಕಳಿಸಬಹುದು, ಆದರೆ ಮತ್ತೆ ಅನುಮತಿ ಸಿಗುವ ತನಕ ಕಡಿಯುವ ಹಾಗಿಲ್ಲ. ಹೀಗೆ ಹುಲ್ಲಿನ ಮೇಲಿನ ಒತ್ತಡ ಇಳಿಯಿತು. ಅಳತೆಗೆ ಕುರಿ ಕೂಡಿಹಾಕುವ ಖರ್ಚಿಗೆಂದು ಒಂದು ಕುರಿಗೆ 1 ಪೌಂಡ್ 30 ಪೆನ್ಸ್ ಪರಿಹಾರವೂ ಸಿಗುತ್ತಿತ್ತು. ಆದರೆ ಸಂತೆಯಲ್ಲಿ ಬಣ್ಣದ ಕುರಿ ಕಂಡರೆ ಕೊಳ್ಳುವವರು ಬೆಲೆ ಇಳಿಸುತ್ತಿದ್ದರು. ನಿಮ್ಮಲ್ಲೂ ಇಂಥ ಪದ್ಧತಿ ಬಂದರೆ ಬೆಲೆ ಇಳಿದದ್ದರ ರಸೀದಿಗಳನ್ನು ಜೋಪಾನ ಮಾಡಿ, ಪರಿಹಾರದ ಮಾತು ಬಂದಾಗ ಬೇಕಾಗುತ್ತವೆ.

ಈ ಪದ್ಧತಿ ಕೆಲಸ ಮಾಡುವುದಕ್ಕೆ ಕಾರಣ ಪ್ರಾಣಿಯ ಮೈಯೇ. ಸೀಸಿಯಂ ಮೂಳೆಯಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಮಾಂಸದಲ್ಲಿ ಹರಡಿಕೊಂಡು ಉಚ್ಚೆ, ಹಿಕ್ಕೆಯಲ್ಲಿ ಹೊರಗೆ ಹೋಗುತ್ತಿರುತ್ತದೆ. ಶುದ್ಧ ಮೇವು ಕೊಟ್ಟರೆ ಕುರಿಯ ಮೈಯಲ್ಲಿ ಅದು ಅರ್ಧವಾಗಲು ಸುಮಾರು 10 ದಿನದಿಂದ 3 ವಾರ ಸಾಕು. ದನಗಳಲ್ಲಿ ಇನ್ನೂ ನಿಧಾನ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಕುರಿ 1,600 ಇದೆ, ಕೆಲಸದ ಮಿತಿ 645 ಎಂದುಕೊಳ್ಳಿ. ಹತ್ತು ದಿನಕ್ಕೊಮ್ಮೆ ಅರ್ಧ ಆಗುವುದಾದರೆ ಹತ್ತನೇ ದಿನ 800, ಇಪ್ಪತ್ತನೇ ದಿನ 400. ಅಂದರೆ ಹದಿಮೂರು ಹದಿನಾಲ್ಕು ದಿನಕ್ಕೆ ಮಿತಿಯೊಳಗೆ ಬಂತು. ಇಪ್ಪತ್ತು ದಿನಕ್ಕೊಮ್ಮೆ ಅರ್ಧ ಆಗುವ ನಿಧಾನದ ಕುರಿಯಾದರೆ ಇಪ್ಪತ್ತಾರು ದಿನ ಬೇಕು. ಎಲ್ಲವೂ ದಾಟಿಬರಲಿ ಎಂದಾದರೆ ನಾಲ್ಕು ವಾರ ಇಟ್ಟುಕೊಳ್ಳಿ. ನಿಮ್ಮ ಹಿಂಡಿನ ವೇಗ ಎಷ್ಟು ಎಂದು ತಿಳಿಯಲು ಕೆಲವು ಕುರಿಗಳನ್ನು ಶುರುವಿನಲ್ಲಿ, ಎರಡು ವಾರಕ್ಕೆ, ನಾಲ್ಕು ವಾರಕ್ಕೆ ಅಳೆಯಿಸಿ. ಈ ಮೂರು ಅಳತೆ ಇದ್ದರೆ ಮುಂದಿನ ವರ್ಷ ಯಾವಾಗ ಕೆಳಗೆ ಇಳಿಸಬೇಕು ಎಂದು ನೀವೇ ಹೇಳಬಹುದು.

ಎರಡು ಎಚ್ಚರಿಕೆ. ಕೆಳಗಿನ ಹೊಲದಲ್ಲಿ ಕಟ್ಟಿದ್ದೇವೆ ಎಂದುಕೊಂಡು ಗುಡ್ಡದಿಂದ ಕೊಯ್ದು ತಂದ ಹುಲ್ಲು ಹಾಕಿದರೆ ಎಲ್ಲ ಹಾಳು. ಹಿಂದಿನ ವರ್ಷದ ದಾಸ್ತಾನು ಮಾಡಿನ ಕೆಳಗೆ ಮುಚ್ಚಿಟ್ಟಿದ್ದರೆ ಅದು ಚಿನ್ನ, ಬಯಲಲ್ಲಿ ಇಟ್ಟಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಎರಡನೆಯದು, ಶುದ್ಧವಾದ ಕುರಿಯನ್ನು ಮತ್ತೆ ಗುಡ್ಡಕ್ಕೆ ಬಿಟ್ಟರೆ ಕೆಲವೇ ವಾರಗಳಲ್ಲಿ ಸೀಸಿಯಂ ಮತ್ತೆ ಏರುತ್ತದೆ. ಮಾರುವ ಕುರಿಯನ್ನು ಅಳತೆಯ ನಂತರ ನೇರ ಗಾಡಿಗೆ ಹತ್ತಿಸಿ.

ಹೊಟ್ಟೆಗೇ ಹೋಗದಂತೆ ಮಾಡುವುದು

ನಾರ್ವೆಯವರು ಇದರಲ್ಲಿ ಪಳಗಿದ್ದಾರೆ. ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣದ ರಾಸಾಯನಿಕವಿದೆ. ಅದು ಹೊಟ್ಟೆಯಲ್ಲಿ ಸೀಸಿಯಂ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡದೆ ಹಿಕ್ಕೆಯ ಜೊತೆ ಹೊರಗೆ ಹಾಕುತ್ತದೆ. ಅದನ್ನು ನೆಕ್ಕುವ ಉಪ್ಪಿನ ಇಟ್ಟಿಗೆಯಲ್ಲಿ, ಹಿಂಡಿಯಲ್ಲಿ ಬೆರೆಸಿ ಕೊಡುತ್ತಾರೆ. ಹೊಟ್ಟೆಯಲ್ಲಿ ಉಳಿದು ವಾರಗಟ್ಟಲೆ ನಿಧಾನಕ್ಕೆ ಕರಗುವ ಉಂಡೆಗಳೂ ಇವೆ, ದೂರದ ಬೆಟ್ಟದಲ್ಲಿ ಮೇಯುವ ಕುರಿ, ಹಿಮಸಾರಂಗಗಳಿಗೆ ಅವು ಅನುಕೂಲ. ಸರಿಯಾಗಿ ಕೊಟ್ಟರೆ ಮಾಂಸದ ಸೀಸಿಯಂ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇದನ್ನು ಪಶುವೈದ್ಯರ ಮೂಲಕವೇ, ಅನುಮತಿ ಇರುವ ಕಡೆ ಮಾತ್ರ ಬಳಸಬೇಕು. ಕೊಟ್ಟ ತಾರೀಖನ್ನು ಪುಸ್ತಕದಲ್ಲಿ ಬರೆಯಿರಿ. ಇಲ್ಲವಾದರೆ ಕಡಿಮೆ ಬಂದ ಅಳತೆ ನಿಮ್ಮ ಹುಲ್ಲಿನ ಗುಣವೋ ಉಂಡೆಯ ಗುಣವೋ ಎಂದು ಯಾರಿಗೂ ತಿಳಿಯುವುದಿಲ್ಲ.

ಉಳುವ ನೆಲವಾದರೆ ಆಳವಾಗಿ ಉತ್ತು ಹೊಸ ಹುಲ್ಲು ಬಿತ್ತುವುದು, ಪೊಟ್ಯಾಷ್ ಗೊಬ್ಬರ ಹಾಕುವುದು ಎರಡೂ ಕೆಲಸ ಮಾಡುತ್ತವೆ. ಜಪಾನ್ ಇವೆರಡನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿತು. ಪೊಟ್ಯಾಷ್ ಅತಿಯಾದರೆ ಹುಲ್ಲು ತಿಂದ ದನಕ್ಕೆ ಮೆಗ್ನೀಷಿಯಂ ಕೊರತೆಯಾಗಿ ನಡುಗಿ ಬೀಳುವ ಕಾಯಿಲೆ ಬರಬಹುದು, ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ಬಂಡೆಯ ಗುಡ್ಡದಲ್ಲಿ ಇದ್ಯಾವುದೂ ನಡೆಯುವುದಿಲ್ಲ.

ಹಿಂಡನ್ನೇ ಮಾರಿ ಹೊಸದು ತಂದರಾಯಿತು ಎನ್ನುವವರಿದ್ದಾರೆ. ಗುಡ್ಡದ ಕುರಿ ಬೇಲಿಯಿಲ್ಲದಿದ್ದರೂ ತನ್ನ ಗಡಿಯೊಳಗೇ ಮೇಯುವುದನ್ನು ತಾಯಿಯಿಂದ ಕಲಿತಿರುತ್ತದೆ. ಹೊರಗಿನಿಂದ ತಂದ ಕುರಿಗೆ ಅದು ಗೊತ್ತಿರುವುದಿಲ್ಲ. ಕಂಬ್ರಿಯಾದಲ್ಲಿ ಇನ್ನೊಂದು ನಡೆಯಿತು: ಬೆಂಟೊನೈಟ್ ಎಂಬ ಜೇಡಿ ಖನಿಜವನ್ನು ಹುಲ್ಲಿನ ಮೇಲೆ ಎರಚಿ ನೋಡುವ ಪ್ರಯೋಗಕ್ಕೆ ಕುರಿಗಳನ್ನು ಬೇಲಿಯೊಳಗೆ ಕೂಡಿಹಾಕಿದರು. ಬಯಲಲ್ಲಿ ಬೆಳೆದವು ಬೇಲಿಯೊಳಗೆ ಸೊರಗುತ್ತವೆ ಎಂದು ರೈತರು ಮೊದಲೇ ಹೇಳಿದ್ದರು. ಸೊರಗಿದವು. ಪ್ರಯೋಗವನ್ನು ಸದ್ದಿಲ್ಲದೆ ಕೈಬಿಟ್ಟರು. ಪ್ರಯೋಗಕ್ಕೆ ನಿಮ್ಮ ಹಿಂಡನ್ನು ಕೇಳಿದರೆ ನಿಮ್ಮ ಷರತ್ತುಗಳನ್ನು ಬರಹದಲ್ಲಿ ಕೊಡಿ.

ಇಡೀ ಹಿಂಡಿನ ಅಳತೆ, ಯಾವಾಗ?

ಜಮೀನಿನ ಮೇಲಿನ ನಿರ್ಬಂಧವೇ ಹೋಗಬೇಕೆಂದರೆ ಹೊರಟ ಕುರಿಗಳ ಅಳತೆ ಸಾಲದು. ಸಾಮಾನ್ಯವಾಗಿ ಇಡೀ ಹಿಂಡನ್ನು, ಅತಿ ಕೆಟ್ಟ ಕಾಲದಲ್ಲಿ ಅಳೆಯಬೇಕು. ಬ್ರಿಟನ್ನಿನಲ್ಲಿ ಅದು ಬೇಸಿಗೆ. ಕುರಿ ಗುಡ್ಡದ ಮೇಲೆ ಹಸಿ ಹುಲ್ಲು ಮೇಯುವ ಆ ತಿಂಗಳುಗಳಲ್ಲಿ ಸೀಸಿಯಂ ತುದಿಗೇರುತ್ತದೆ. ಚಳಿಗಾಲದಲ್ಲಿ ಕೆಳಗಿಳಿದು ತಂದ ಮೇವು ತಿನ್ನುವಾಗ ಅಳೆದು "ಎಲ್ಲ ಸರಿ ಇದೆ" ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ನಾರ್ವೆಯಲ್ಲಿ ಕೆಟ್ಟ ಕಾಲ ಅಣಬೆ ಏಳುವ ಕಾಲ. ಕಾಡಿನ ಅಣಬೆ ಸೀಸಿಯಂ ಅನ್ನು ಹೀರಿ ಕೂಡಿಡುತ್ತದೆ, ಕುರಿಗೆ ಅದೆಂದರೆ ಪ್ರಾಣ. ಅಣಬೆ ಜಾಸ್ತಿಯಾದ ವರ್ಷ ಕುರಿಯ ಅಳತೆ ಹಿಂದಿನ ವರ್ಷಕ್ಕಿಂತ ಮೇಲೆ ಹೋಗಬಹುದು. ಒಂದು ಒಳ್ಳೆಯ ವರ್ಷದ ಅಳತೆ ನಂಬಿ ಅರ್ಜಿ ಹಾಕಬೇಡಿ.

ಇಡೀ ಹಿಂಡನ್ನು ಅಳೆಯಲಾಗದೆ ಮಾದರಿ ತೆಗೆಯುವುದಾದರೆ ಎಷ್ಟು ತೆಗೆಯಬೇಕು? ಒಂದು ಸರಳ ಲೆಕ್ಕವಿದೆ. ದೊಡ್ಡ ಹಿಂಡಿನಿಂದ ಚೀಟಿ ಎತ್ತಿದಂತೆ ಆರಿಸಿದ 59 ಪ್ರಾಣಿಗಳಲ್ಲಿ ಒಂದೂ ಮಿತಿ ದಾಟದಿದ್ದರೆ, ಹಿಂಡಿನಲ್ಲಿ ಮಿತಿ ದಾಟಿದವು ನೂರಕ್ಕೆ ಐದಕ್ಕಿಂತ ಕಡಿಮೆ ಎಂದು ಶೇಕಡಾ 95ರಷ್ಟು ಭರವಸೆಯಿಂದ ಹೇಳಬಹುದು. ಹತ್ತು ಕುರಿ ಅಳೆದು ಎಲ್ಲವೂ ಪಾಸಾದರೆ ಅಂಥ ಭರವಸೆ ಹುಟ್ಟುವುದಿಲ್ಲ. ಸುಲಭವಾಗಿ ಕೈಗೆ ಸಿಕ್ಕವನ್ನೇ ಆರಿಸಿದರೂ ಲೆಕ್ಕ ಕೆಡುತ್ತದೆ. ಜೌಗಿನ ಕಡೆ ಮೇಯುವ, ಹಿಡಿಯಲು ಓಡಿಸುವ ಕುರಿಗಳೇ ಮಾದರಿಯಲ್ಲಿ ಬರಬೇಕು. ಒಂದೆರಡು ಫೇಲಾದರೆ ಎದೆಗುಂದಬೇಡಿ. ನಿಮ್ಮ ಪುಸ್ತಕ ತೆಗೆದು ಅವು ಎಲ್ಲಿ ಮೇದಿದ್ದವು ನೋಡಿ. ಎಲ್ಲವೂ ಒಂದೇ ತುಂಡಿನಿಂದ ಬಂದಿದ್ದರೆ ಆ ತುಂಡಿಗೆ ಬೇಲಿ ಹಾಕಿ, ಉಳಿದ ಜಮೀನನ್ನು ಬಿಡಿಸಲು ಕೇಳಬಹುದು.

ಗುಡ್ಡ ಹಲವರಿಗೆ ಸೇರಿದ ಹುಲ್ಲುಗಾವಲಾದರೆ ಎಲ್ಲರೂ ಒಂದೇ ವಾರದಲ್ಲಿ ಅಳೆಯಿಸಿ. ಒಬ್ಬರ ಹಿಂಡು ಪಾಸಾಗಿ ಪಕ್ಕದವರದ್ದು ಫೇಲಾದರೆ ಇಬ್ಬರ ಅರ್ಜಿಯೂ ನಿಲ್ಲುತ್ತದೆ.

ಅರ್ಜಿ ಹಾಕಿದ ಮೇಲೆ

ಜೊತೆಗೆ ನಕ್ಷೆ, ಕನಿಷ್ಠ ಎರಡು ಮೂರು ವರ್ಷದ ಅಳತೆ, ಮೇವಿನ ವಿವರ, ಮುಂದೆ ಹೇಗೆ ಮೇಯಿಸುತ್ತೀರಿ ಎಂಬ ಒಂದು ಪುಟದ ಯೋಜನೆ ಇಡಿ. ಬೇಡ ಎಂದರೆ ಯಾವ ಅಳತೆ ಸಾಲಲಿಲ್ಲ, ಮುಂದಿನ ಅಳತೆ ಯಾವಾಗ ಎಂದು ಬರಹದಲ್ಲಿ ಕೇಳಿ. ಷರತ್ತಿನ ಮೇಲೆ ಬಿಡುತ್ತೇವೆ ಎಂದರೆ ಒಪ್ಪಿಕೊಳ್ಳಿ. ಜಪಾನ್ 2011ರ ಆಗಸ್ಟ್‌ನಲ್ಲಿ ದನದ ಮಾಂಸದ ಮೇಲಿನ ತಡೆಯನ್ನು ಸಡಿಲಿಸಿದ್ದು ಹೀಗೇ, ಪರೀಕ್ಷೆ ಮಾಡಿಯೇ ಕಳಿಸಬೇಕೆಂಬ ಷರತ್ತಿನ ಮೇಲೆ.

ಕೊನೆಯ ತೀರ್ಮಾನ ಬರೀ ಮಿತಿಯ ಸಂಖ್ಯೆಯಿಂದ ಆಗುವುದಿಲ್ಲ, ತಿನ್ನುವವರಿಗೆ ಎಷ್ಟು ವಿಕಿರಣ ಸೇರುತ್ತದೆ ಎಂಬ ಲೆಕ್ಕದಿಂದಲೂ ಆಗುತ್ತದೆ. ಕಿಲೋಗೆ 1,000 ಬೆಕೆರೆಲ್ ಸೀಸಿಯಂ 137 ಇರುವ ಒಂದು ಕಿಲೋ ಮಾಂಸ ತಿಂದ ದೊಡ್ಡವರಿಗೆ ಸಿಗುವುದು ಸುಮಾರು 13 ಮೈಕ್ರೋಸೀವರ್ಟ್ (ಮೈಗೆ ಸೇರುವ ವಿಕಿರಣದ ಅಳತೆ). ಸಾಮಾನ್ಯ ಜನರಿಗೆ ವರ್ಷಕ್ಕೆ ಇಟ್ಟಿರುವ ಮಿತಿ 1,000 ಮೈಕ್ರೋಸೀವರ್ಟ್. ಅಂದರೆ ಆ ಮಿತಿ ಮುಟ್ಟಲು ಅಂಥ ಮಾಂಸವನ್ನೇ ವರ್ಷಕ್ಕೆ 75 ಕಿಲೋಗಿಂತ ಜಾಸ್ತಿ ತಿನ್ನಬೇಕು. 2012ರಲ್ಲಿ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಇಂಥ ಲೆಕ್ಕ ಮಾಡಿಯೇ, ಅಪಾಯ ತೀರಾ ಕಡಿಮೆ, ಪ್ರತಿ ಕುರಿಯನ್ನು ಅಳೆಯುವ ಕೆಲಸಕ್ಕೆ ಇನ್ನು ಅರ್ಥವಿಲ್ಲ ಎಂದು ವೇಲ್ಸ್ ಮತ್ತು ಕಂಬ್ರಿಯಾದ ಉಳಿದ ಜಮೀನುಗಳನ್ನು ಬಿಟ್ಟಿತು. ಉತ್ತರ ಐರ್ಲೆಂಡ್ 2000ದಲ್ಲಿ, ಸ್ಕಾಟ್ಲೆಂಡ್ 2010ರಲ್ಲಿ ಮೊದಲೇ ಮುಗಿಸಿದ್ದವು. ಮಣ್ಣಿನಲ್ಲಿ ಸೀಸಿಯಂ ಸೊನ್ನೆಯಾಯಿತು ಎಂದು ಯಾರೂ ಹೇಳಲಿಲ್ಲ.

ನಿರ್ಬಂಧ ಹೋದ ದಿನ ಪರಿಹಾರವೂ ನಿಲ್ಲುತ್ತದೆ, ಉಚಿತ ಅಳತೆಯೂ ನಿಲ್ಲುತ್ತದೆ. ಅದಕ್ಕೆ ಮೊದಲೇ ತಯಾರಾಗಿ. ತೆರವಿನ ಪತ್ರದ ನಾಲ್ಕಾರು ಪ್ರತಿ ಇಟ್ಟುಕೊಳ್ಳಿ, ಕೊಳ್ಳುವವರು ಮೊದಲ ಒಂದೆರಡು ವರ್ಷ ಕೇಳೇ ಕೇಳುತ್ತಾರೆ. ಅಳತೆಯ ಪುಸ್ತಕವನ್ನು ಎಸೆಯಬೇಡಿ. ವರ್ಷಕ್ಕೊಮ್ಮೆ, ಕೆಟ್ಟ ಕಾಲದಲ್ಲಿ, ಕೆಲವು ಪ್ರಾಣಿಗಳನ್ನಾದರೂ ನಿಮ್ಮ ಖರ್ಚಿನಲ್ಲೇ ಅಳೆಯಿಸಿ. ಜೌಗಿನ ಆ ತುಂಡಿನಲ್ಲಿ ಮೇಯಿಸುವುದಾದರೆ ಮಾರುವ ಪ್ರಾಣಿಗಳನ್ನಲ್ಲ, ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ತಾಯಿಕುರಿಗಳನ್ನು ಬಿಡಿ. ಹಾಲು ಕರೆಯುವವರಾದರೆ ಅವನ್ನೂ ಬಿಡಬೇಡಿ, ತಿಂದ ಸೀಸಿಯಂ ಒಂದೆರಡು ದಿನದಲ್ಲೇ ಹಾಲಿಗೆ ಬರುತ್ತದೆ.